ಗ್ರೀನ್ ಕಾರ್ಡ್ ಕೈಲಿದೆ, ಮದುವೆ ಮುರಿದಿದೆ: ಮದುವೆ ಅಸಲಿ ಅಂತ ಅಮೆರಿಕಕ್ಕೆ ತೋರಿಸೋದು ಹೇಗೆ?

ಅಮೆರಿಕಕ್ಕೆ ಕೊಟ್ಟ ಮಗಳ ಸಂಸಾರ ಮುರಿದುಬಿತ್ತು ಅಂತ ಗೊತ್ತಾದ ಕೂಡಲೇ ಊರಿನ ಮನೆಗಳಲ್ಲಿ ಮದುವೆ ಆಲ್ಬಂ ಅಟ್ಟ ಸೇರುತ್ತೆ, ಇಲ್ಲಾ ಒಲೆ ಸೇರುತ್ತೆ. ಫೋನಿನಲ್ಲಿದ್ದ ಫೋಟೋ ಡಿಲೀಟ್. ಬೀಗರ ವಾಟ್ಸಾಪ್ ಗ್ರೂಪಿನಿಂದ ಎಲ್ಲರೂ ಹೊರಗೆ. ಆ ಸಿಟ್ಟು ಯಾರಿಗಾದರೂ ಅರ್ಥ ಆಗುತ್ತೆ. ಆದರೆ ಹುಡುಗಿ ಕೈಲಿರೋದು ಎರಡು ವರ್ಷದ ಗ್ರೀನ್ ಕಾರ್ಡ್ ಆಗಿದ್ದರೆ, ಒಲೆಗೆ ಹೋದದ್ದು ಅವಳು ಅಲ್ಲಿ ಉಳಿಯೋಕೆ ಬೇಕಾದ ಸಾಕ್ಷಿ.

"ಗಂಡ ಬಿಟ್ಟ ಮೇಲೆ ಕಾರ್ಡೂ ಹೋಯ್ತು, ವಾಪಸ್ ಬಂದುಬಿಡು" ಅನ್ನೋ ಮಾತು ನಮ್ಮ ಕಡೆ ಬಹಳ ಬೇಗ ಬಾಯಿಗೆ ಬರುತ್ತೆ. ಅದು ತಪ್ಪು. ಮದುವೆ ಮುರಿದರೂ ಕಾರ್ಡ್ ಉಳಿಸಿಕೊಳ್ಳೋ ದಾರಿ ಅಮೆರಿಕದ ಕಾನೂನಿನಲ್ಲೇ ಇದೆ. ಆದರೆ ಮದುವೆ ನಿಜವಾದದ್ದು ಅಂತ ಕಾಗದದ ಮೇಲೆ ತೋರಿಸೋ ಹೊಣೆ ಅರ್ಜಿ ಹಾಕಿದವರದ್ದು. ಅಮೆರಿಕದ ಪೌರತ್ವ ಇರೋ ಹುಡುಗಿಯನ್ನ ಮದುವೆಯಾಗಿ ಹೋದ ನಮ್ಮ ಹುಡುಗರಿಗೂ ಇದೇ ನಿಯಮ.

ಮೊದಲು ಕಾರ್ಡಿನ ತಾರೀಕು ನೋಡಿ

ಎಲ್ಲರಿಗೂ ಈ ತಾಪತ್ರಯ ಇಲ್ಲ. ಗ್ರೀನ್ ಕಾರ್ಡ್ ಹಕ್ಕು ಶುರುವಾದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಮಾತ್ರ ಎರಡು ವರ್ಷದ ಷರತ್ತಿನ ಕಾರ್ಡ್ ಕೊಡ್ತಾರೆ. ವಲಸೆ ವೀಸಾದ ಮೇಲೆ ಹೋದವರಿಗೆ ವಿಮಾನ ಇಳಿದು ಒಳಗೆ ಬಿಟ್ಟ ದಿನವೇ ಲೆಕ್ಕದ ದಿನ. ಕಾರ್ಡಿನ ಮೇಲೆ ಸಿಆರ್1 ಅಥವಾ ಸಿಆರ್6 ಅಂತಿದ್ದು, ಮುಗಿಯೋ ತಾರೀಕು ಎರಡೇ ವರ್ಷಕ್ಕಿದ್ದರೆ ಈ ಲೇಖನ ಅವರಿಗೆ. ಅಮೆರಿಕನ್ ಪ್ರಜೆಯನ್ನ ಮದುವೆಯಾದವರಲ್ಲೇ ಇದು ಹೆಚ್ಚು.

ಹತ್ತು ವರ್ಷದ ಕಾರ್ಡ್ ಇದ್ದವರು ವಿಚ್ಛೇದನ ಆಯ್ತು ಅಂತ ಈ ಅರ್ಜಿ ಹಾಕಬೇಕಾಗಿಲ್ಲ. ಕಾರ್ಡ್ ನವೀಕರಣದಲ್ಲಿ ಸಂಸಾರದ ಪ್ರಶ್ನೆ ಬರಲ್ಲ.

ಇನ್ನು ಗಂಡ ಎಚ್-1ಬಿ ಮೇಲೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿದ್ದು, ಹೆಂಡತಿ ಎಚ್-4ರಲ್ಲಿ ಇದ್ದರೆ ಕಥೆಯೇ ಬೇರೆ. ಎಚ್-4 ಅನ್ನೋದು ಗಂಡನ ವೀಸಾಕ್ಕೆ ಕಟ್ಟಿದ ಬಾಲ. ವಿಚ್ಛೇದನ ಅಂತಿಮವಾದರೆ ಅದೂ ಮುಗೀತು. ಅಂಥವರು ಡಿಕ್ರಿ ಬರೋಕೆ ಮುಂಚೆಯೇ ಬೇರೆ ವೀಸಾದ ದಾರಿ ಹುಡುಕಬೇಕು. ಕೆಳಗೆ ಹೇಳಿರೋ ಯಾವುದೂ ಅವರಿಗೆ ಅನ್ವಯಿಸಲ್ಲ. ತಾಲ್ಲೂಕಿನಲ್ಲಿ ಜನ ಎರಡನ್ನೂ ಕಲಸಿ ಮಾತಾಡ್ತಾರೆ, ಅದಕ್ಕೇ ಇಲ್ಲೇ ಹೇಳಿಬಿಡೋದು ವಾಸಿ.

ಕೆನಡಾದಲ್ಲಿ ಗಂಡ ಹೆಂಡತಿಗೆ ಹಾಕ್ತಿದ್ದ ಎರಡು ವರ್ಷದ ಷರತ್ತನ್ನ 2017ರ ಏಪ್ರಿಲ್‌ನಲ್ಲೇ ತೆಗೆದುಹಾಕಿದ್ದಾರೆ. ಬ್ರಿಟನ್ನಿನ ನಿಯಮ ಬೇರೆ. ಆ ದೇಶಗಳ ವಿಷಯಕ್ಕೆ ಅಲ್ಲಿನ ವಕೀಲರನ್ನೇ ಕೇಳಬೇಕು.

ಕೇಳೋದು ಒಂದೇ ಪ್ರಶ್ನೆ

ಷರತ್ತಿನ ಕಾರ್ಡ್ ಬಂದದ್ದು 1986ರ ಕಾನೂನಿನಿಂದ. ಕಾರ್ಡಿಗೋಸ್ಕರ ನಾಟಕದ ಮದುವೆ ಮಾಡ್ಕೊಳ್ಳೋರನ್ನ ಹಿಡಿಯೋದೇ ಅದರ ಉದ್ದೇಶ. ಹಾಗಂತ ಮದುವೆ ಬಾಳಲೇಬೇಕು ಅಂತ ಅದು ಹೇಳಲ್ಲ. 1975ರಲ್ಲಿ ಬಾರ್ಕ್ ಅನ್ನೋ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಇದನ್ನ ಸ್ಪಷ್ಟ ಮಾಡಿತ್ತು: ನೋಡಬೇಕಾದ್ದು ಮದುವೆಯಾದ ಹೊತ್ತಿನಲ್ಲಿ ಇಬ್ಬರಿಗೂ ಒಟ್ಟಿಗೆ ಬಾಳಬೇಕು ಅನ್ನೋ ಮನಸ್ಸಿತ್ತಾ ಅನ್ನೋದನ್ನ. ಆಮೇಲೆ ಬೇರೆಯಾದರು ಅನ್ನೋ ಒಂದೇ ಕಾರಣಕ್ಕೆ ಮದುವೆ ಸುಳ್ಳಾಗಲ್ಲ. 1980ರಲ್ಲಿ ಮೆಕ್ಕೀ ಪ್ರಕರಣದಲ್ಲಿ ವಲಸೆ ಮೇಲ್ಮನವಿ ಮಂಡಳಿ ಹೇಳಿದ್ದೂ ಇದನ್ನೇ.

ಮದುವೆಯ ನಂತರ ನಡೆದದ್ದನ್ನೂ ಅಧಿಕಾರಿ ನೋಡ್ತಾರೆ. ಆದರೆ ಅದು ಮೊದಲಿದ್ದ ಮನಸ್ಸು ಎಂಥದ್ದು ಅಂತ ತಿಳಿಯೋಕೆ. ಯಾರದು ತಪ್ಪು, ಅತ್ತೆ ಏನಂದ್ರು, ಯಾರು ಮೊದಲು ಮನೆ ಬಿಟ್ರು ಅನ್ನೋ ಪಂಚಾಯ್ತಿ ಅವರಿಗೆ ಬೇಡ. ನಮ್ಮವರು ಮೂವತ್ತು ಪುಟ ಬರೆಯೋದು ಮಾತ್ರ ಅದನ್ನೇ.

ಗಂಡನ ಸಹಿ ಇಲ್ಲದೆ ಅರ್ಜಿ

ಸಂಸಾರ ಚೆನ್ನಾಗಿದ್ದರೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಐ-751 ಅನ್ನೋ ಫಾರಂ ಕೊಡ್ತಾರೆ. ಕಾರ್ಡ್ ಮುಗಿಯೋಕೆ ಮುಂಚಿನ 90 ದಿನದ ಒಳಗೆ ಅದು ಹೋಗಬೇಕು. ಅದೇ ಫಾರಂನಲ್ಲಿ ಜಂಟಿ ಸಹಿಯಿಂದ ವಿನಾಯಿತಿ ಕೇಳೋ ಕಲಂ ಇದೆ: ಮನಃಪೂರ್ವಕವಾಗಿ ಮದುವೆಯಾಗಿದ್ದೆ, ಆದರೆ ವಿಚ್ಛೇದನವಾಯ್ತು ಅಂತ. ಹೊಡೆತ ಬಡಿತ ಅಥವಾ ತೀವ್ರ ಕ್ರೌರ್ಯ ಇನ್ನೊಂದು ಕಾರಣ. ವಾಪಸ್ ಕಳಿಸಿದರೆ ವಿಪರೀತ ಕಷ್ಟ ಆಗುತ್ತೆ ಅನ್ನೋದು ಮತ್ತೊಂದು. ಒಂದಕ್ಕಿಂತ ಹೆಚ್ಚು ಕಾರಣಕ್ಕೂ ಗುರುತು ಹಾಕಬಹುದು.

ವಿನಾಯಿತಿ ಕೇಳೋರಿಗೆ ಆ 90 ದಿನದ ಕಟ್ಟುಪಾಡು ಇಲ್ಲ. ಉದಾಹರಣೆಗೆ 2023ರ ನವೆಂಬರಿನಲ್ಲಿ ಮದುವೆಯಾಗಿ, 2025ರ ಮಾರ್ಚಿನಲ್ಲಿ ಅಮೆರಿಕಕ್ಕೆ ಇಳಿದವಳ ಕಾರ್ಡ್ 2027ರ ಮಾರ್ಚಿಗೆ ಮುಗಿಯುತ್ತೆ. 2026ರ ಮಧ್ಯದಲ್ಲೇ ವಿಚ್ಛೇದನ ಆದರೆ ಆಗಲೇ ಹಾಕಬಹುದು, ಡಿಸೆಂಬರ್‌ವರೆಗೆ ಕಾಯಬೇಕಾಗಿಲ್ಲ. ಏನೂ ಹಾಕದೆ ಸುಮ್ಮನೆ ಕೂತು ತಾರೀಕು ಮೀರಿಸಿದರೆ ಮಾತ್ರ ಹಕ್ಕು ತಾನಾಗಿಯೇ ರದ್ದಾಗಿ, ಗಡೀಪಾರಿನ ನೋಟಿಸ್ ಬರಬಹುದು.

ಈ ಕಾರಣದ ಮೇಲೆ ಅರ್ಜಿ ಮಂಜೂರಾಗಬೇಕಾದರೆ ವಿಚ್ಛೇದನದ ಅಂತಿಮ ಡಿಕ್ರಿ ಬೇಕೇ ಬೇಕು. ಕೇಸ್ ನಡೀತಾ ಇದೆ ಅಂದರೆ ಡಿಕ್ರಿ ಕೇಳಿ ಇಲಾಖೆ ನೋಟಿಸ್ ಕೊಡುತ್ತೆ, ಅದಕ್ಕೊಂದು ಗಡುವು ಇರುತ್ತೆ. ಇಬ್ಬರೂ ಸೇರಿ ಅರ್ಜಿ ಹಾಕಿದ ಮೇಲೆ ನಡುವೆ ಮುರಿದುಕೊಂಡವರೂ ಇದ್ದಾರೆ. ಅಂಥವರು ಮುಚ್ಚಿಡದೆ ಇಲಾಖೆಗೆ ತಿಳಿಸಿ, ಅದನ್ನ ವಿನಾಯಿತಿ ಅರ್ಜಿಯಾಗಿ ಬದಲಾಯಿಸಿಕೊಳ್ಳಬೇಕು.

ಶುಲ್ಕ 2024ರ ಏಪ್ರಿಲ್ 1ರಿಂದ 750 ಡಾಲರ್. ಅರ್ಜಿ ತಲುಪಿದ್ದಕ್ಕೆ ಒಂದು ರಸೀದಿ ಕಾಗದ ಬರುತ್ತೆ. 2023ರ ಜನವರಿಯಿಂದ ಈ ರಸೀದಿಯೇ ಹಳೇ ಕಾರ್ಡಿನ ಆಯಸ್ಸನ್ನ 48 ತಿಂಗಳು ಮುಂದಕ್ಕೆ ಹಾಕುತ್ತೆ. ಕೆಲಸಕ್ಕೆ, ಪ್ರಯಾಣಕ್ಕೆ ಹಳೇ ಕಾರ್ಡ್ ಜೊತೆ ಆ ಕಾಗದ ಇಟ್ಟುಕೊಂಡಿರಬೇಕು. ಇಷ್ಟು ದೊಡ್ಡ ಅವಧಿ ಕೊಟ್ಟಿದ್ದಾರೆ ಅಂದಮೇಲೆ ತೀರ್ಮಾನ ಎಷ್ಟು ನಿಧಾನ ಅಂತ ಊಹಿಸಿಕೊಳ್ಳಬಹುದು.

ಡಿಕ್ರಿ ಅಲ್ಲಿಯದೋ ಇಲ್ಲಿಯದೋ

ಹುಡುಗಿ ಅಮೆರಿಕದಲ್ಲೇ ಇದ್ದರೆ ಅಲ್ಲಿನ ರಾಜ್ಯದ ಕೋರ್ಟಿನಲ್ಲೇ ವಿಚ್ಛೇದನ ಕೇಳಬಹುದು. ತಪ್ಪು ಯಾರದು ಅಂತ ಸಾಬೀತು ಮಾಡಬೇಕಿಲ್ಲ. ಕಾಯೋ ಅವಧಿ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಅಂದರೂ ಆರು ತಿಂಗಳು, ಟೆಕ್ಸಾಸ್‌ನಲ್ಲಿ 60 ದಿನ. ಗ್ರೀನ್ ಕಾರ್ಡ್ ಅರ್ಜಿಗೆ ಆ ಡಿಕ್ರಿ ಸಾಕು.

ತೊಡಕು ಇರೋದು ಊರಿಗೆ ಬಂದ ಮೇಲೆ. 1991ರಲ್ಲಿ ವೈ. ನರಸಿಂಹರಾವ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಏನು ಹೇಳಿದೆ ಅಂದರೆ, ವಿದೇಶಿ ಕೋರ್ಟಿನ ವಿಚ್ಛೇದನ ಇಲ್ಲಿ ನಡೀಬೇಕಾದರೆ ದಂಪತಿ ಯಾವ ಕಾನೂನಿನಡಿ ಮದುವೆಯಾದರೋ ಅದೇ ಕಾನೂನಿನ ಕಾರಣ ಅದರಲ್ಲಿರಬೇಕು. ಒಬ್ಬರಿಗೆ ಗೊತ್ತಿಲ್ಲದಂತೆ ತಂದ ಒಮ್ಮುಖದ ಡಿಕ್ರಿ ನಡೆಯಲ್ಲ. ಇಬ್ಬರೂ ಒಪ್ಪಿ ಅಲ್ಲಿನ ಕೋರ್ಟಿಗೆ ಹಾಜರಾಗಿದ್ದರೆ ಪರಿಸ್ಥಿತಿ ವಾಸಿ. ಹಾಗಾಗಿ ಅಲ್ಲಿನ ಡಿಕ್ರಿ ನಂಬಿ ಇಲ್ಲಿ ಎರಡನೇ ಮದುವೆ ಮಾತು ಎತ್ತೋಕೆ ಮುಂಚೆ ಇಲ್ಲಿನ ವಕೀಲರಿಗೆ ಅದನ್ನ ತೋರಿಸಿ.

ಇಲ್ಲಿನ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಅಂದರೆ ಹಿಂದೂ ವಿವಾಹ ಕಾಯ್ದೆಯ 13ಬಿ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ತಕ್ಕ ಪ್ರಕರಣದಲ್ಲಿ ಆ ಆರು ತಿಂಗಳನ್ನ ಕೋರ್ಟ್ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಿರಿಯರು ಕೂತು ಸ್ಟಾಂಪ್ ಪೇಪರ್ ಮೇಲೆ "ಇಂದಿನಿಂದ ಸಂಬಂಧ ಇರುವುದಿಲ್ಲ" ಅಂತ ಬರೆಸಿ, ಒಡವೆ ವಾಪಸ್ ಕೊಟ್ಟು ಮುಗಿಸೋ ರೂಢಿ ಇನ್ನೂ ಇದೆ. ಅದು ಕೋರ್ಟಿನ ಡಿಕ್ರಿ ಅಲ್ಲ. ಅದನ್ನ ನಂಬಿ ಅಮೆರಿಕದ ಅರ್ಜಿ ಹಾಕಿದರೆ ತೊಂದರೆ ಗ್ಯಾರಂಟಿ.

ಯಾವ ಕಾಗದಕ್ಕೆ ಎಷ್ಟು ತೂಕ

ಮದುವೆ ಫೋಟೋಗಿಂತ ಒಂದು ಮನೆಯಲ್ಲಿ ಒಟ್ಟಿಗೆ ಇದ್ದರು, ದುಡ್ಡು ಕಾಸು ಒಂದೇ ಕಡೆ ಇತ್ತು ಅನ್ನೋ ಕಾಗದಕ್ಕೆ ತೂಕ ಜಾಸ್ತಿ. ಇಬ್ಬರ ಹೆಸರಿರೋ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ಇಬ್ಬರೂ ಸೇರಿ ಸಲ್ಲಿಸಿದ ತೆರಿಗೆ ರಿಟರ್ನ್, ಗಂಡನ ಕಂಪನಿಯ ಆರೋಗ್ಯ ವಿಮೆಯಲ್ಲಿ ಹೆಂಡತಿ ಹೆಸರು, ವಾಹನ ವಿಮೆ, ಕರೆಂಟ್ ಬಿಲ್ಲು. ಮಕ್ಕಳಿದ್ದರೆ ಜನನ ಪ್ರಮಾಣಪತ್ರ. ಖಾತೆ ತೆರೆದದ್ದಷ್ಟೇ ಸಾಲದು, ಅದರಿಂದ ದಿನಸಿ, ಬಾಡಿಗೆ ಹೋಗಿರೋದು ಕಾಣಬೇಕು. ಮದುವೆಯಾದಾಗಿನಿಂದ ಬೇರೆಯಾಗೋವರೆಗೆ ಎಲ್ಲ ತಿಂಗಳಿಗೂ ಏನಾದರೊಂದು ಕಾಗದ ಇದ್ದರೆ ಒಳ್ಳೇದು.

ಹೊಸದಾಗಿ ಹೋದ ಹೆಣ್ಣುಮಕ್ಕಳ ನಿಜವಾದ ಕಷ್ಟ ಇಲ್ಲೇ. ಮನೆ ಕರಾರು ಗಂಡನ ಹೆಸರಲ್ಲಿ, ಬ್ಯಾಂಕ್ ಖಾತೆ ಗಂಡನ ಹೆಸರಲ್ಲಿ, ಕಾರು ಗಂಡನದ್ದು. ಎಲ್ಲ ಪಾಸ್‌ವರ್ಡೂ ಅವನ ಹತ್ರ. ಅಂಥವರಿಗೂ ಏನೂ ಇಲ್ಲ ಅಂತಿಲ್ಲ. ಜಂಟಿ ರಿಟರ್ನ್‌ಗೆ ಸಹಿ ಹಾಕಿದ್ದರೆ ಅದರ ಪ್ರತಿಲಿಪಿಯನ್ನ ತೆರಿಗೆ ಇಲಾಖೆಯಿಂದ ಹೆಂಡತಿಯೇ ಪುಕ್ಕಟೆ ತರಿಸಿಕೊಳ್ಳಬಹುದು. ಜಂಟಿ ಖಾತೆಯಾದರೆ ಬ್ಯಾಂಕ್ ಅವಳಿಗೂ ಸ್ಟೇಟ್‌ಮೆಂಟ್ ಕೊಡುತ್ತೆ. ಆಸ್ಪತ್ರೆ ಫಾರಂನಲ್ಲಿ ತುರ್ತು ಸಂಪರ್ಕಕ್ಕೆ ಗಂಡನ ಹೆಸರು ಬರೆದಿರೋದು, ಒಂದೇ ವಿಳಾಸದ ಡ್ರೈವಿಂಗ್ ಲೈಸೆನ್ಸ್, ಒಂದೇ ಪ್ಲಾನಿನ ಮೊಬೈಲ್ ಬಿಲ್ಲು, ಇಬ್ಬರ ಹೆಸರಲ್ಲಿ ಬುಕ್ ಆದ ಟಿಕೆಟ್, ಆ ವಿಳಾಸಕ್ಕೆ ಅವಳ ಹೆಸರಲ್ಲಿ ಬಂದ ಪಾರ್ಸಲ್ಲು, ಅಂಚೆ, ಇವೆಲ್ಲ ಸಾಕ್ಷಿಯೇ. ಜಂಟಿ ಖಾತೆ ಯಾಕಿಲ್ಲ ಅನ್ನೋದನ್ನ ಹೇಳಿಕೆಯಲ್ಲಿ ನೇರವಾಗಿ ಬರೆಯಬೇಕು. "ದುಡ್ಡಿನ ವ್ಯವಹಾರ ಅವರೇ ನೋಡ್ತಿದ್ದರು, ಖಾತೆಗೆ ನನ್ನನ್ನ ಸೇರಿಸಲಿಲ್ಲ" ಅನ್ನೋದು ನಿಜ ಇದ್ದರೆ ಅದೂ ಒಂದು ಉತ್ತರ. ಖಾಲಿ ಬಿಟ್ಟರೆ ಅಧಿಕಾರಿ ತಮಗೆ ತೋಚಿದ್ದನ್ನ ತುಂಬಿಕೊಳ್ತಾರೆ.

ಆ ಹೇಳಿಕೆಯೇ ಅರ್ಜಿಯ ಜೀವ. ಸಂಬಂಧ ಹೇಗೆ ಕೂಡಿಬಂತು, ಯಾವಾಗ ನೋಡೋಕೆ ಬಂದರು, ನಿಶ್ಚಿತಾರ್ಥ ಎಲ್ಲಿ, ಅಮೆರಿಕದಲ್ಲಿ ಮೊದಲ ಮನೆ ಎಲ್ಲಿತ್ತು, ಹಬ್ಬ ಹೇಗೆ ಮಾಡಿದರು, ಯಾವಾಗಿನಿಂದ ಹದಗೆಟ್ಟಿತು, ಸರಿಮಾಡಿಕೊಳ್ಳೋಕೆ ಏನು ಪ್ರಯತ್ನ ನಡೀತು. ತಾರೀಕು, ಜಾಗದ ಸಮೇತ ಇರಬೇಕು, ಬೇರೆ ಕಾಗದಗಳ ಜೊತೆ ತಾಳೆಯಾಗಬೇಕು. ಕೌನ್ಸೆಲಿಂಗ್‌ಗೆ ಹೋಗಿದ್ದರೆ ಅದರ ರಸೀದಿ ಬಹಳ ಒಳ್ಳೇ ಸಾಕ್ಷಿ.

ಊರಿನಲ್ಲಿರೋ ಸಾಕ್ಷಿ

ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಮುಂಚಿನ ಓಡಾಟದ ಫೋಟೋ ಇರಲ್ಲ. ಮೂರು ಸಲ ಮಾತಾಡಿ ಮದುವೆಯಾದದ್ದು ಅಂದರೆ ಅಲ್ಲಿನವರಿಗೆ ವಿಚಿತ್ರ ಅನ್ನಿಸಬಹುದು. ಇದಕ್ಕೆ ಉತ್ತರ ಕೊಡೋದು ಊರಿನ ಕಾಗದಗಳೇ: ಮ್ಯಾಟ್ರಿಮನಿ ಪ್ರೊಫೈಲ್, ಬಯೋಡಾಟಾ, ಜಾತಕ ಹೊಂದಾಣಿಕೆ ಚೀಟಿ, ಲಗ್ನಪತ್ರಿಕೆ, ಛತ್ರದ ಅಡ್ವಾನ್ಸ್ ರಸೀದಿ, ಜವಳಿ ಅಂಗಡಿ ಬಿಲ್ಲು, ಅಡುಗೆಯವರ ಲೆಕ್ಕ, ಮುಯ್ಯಿ ಬರೆದ ಪುಸ್ತಕ. ಇದು ಎರಡೂ ಮನೆಯವರು ಊರಿನ ಮುಂದೆ ನಿಂತು ಮಾಡಿದ ಮದುವೆ, ಇಬ್ಬರೇ ಹೋಗಿ ಸಹಿ ಹಾಕಿ ಬಂದದ್ದಲ್ಲ ಅಂತ ಇವು ಹೇಳುತ್ವೆ. ಆದರೂ ಇವಿಷ್ಟೇ ಸಾಲದು, ಜೊತೆಗೆ ಬಾಳಿದ ಕಾಗದಕ್ಕೆ ಇವು ಬೆನ್ನಾಸರೆ.

ಛತ್ರದವರು, ಫೋಟೋ ಸ್ಟುಡಿಯೋದವರು, ಜವಳಿ ಅಂಗಡಿಯವರ ಹತ್ರ ಇಂಥ ಮನೆಯವರು ಹಳೇ ಬಿಲ್ಲಿನ ನಕಲು ಕೇಳಿಕೊಂಡು ಬಂದರೆ, ಹಾರ್ಡ್ ಡಿಸ್ಕ್ ಹುಡುಕಿ ಕೊಡೋದು ದೊಡ್ಡ ಉಪಕಾರ. ಹಳೇ ತಾರೀಕು ಹಾಕಿ ಹೊಸ ಬಿಲ್ಲು ಬರೆದುಕೊಡೋದು ಮಾತ್ರ ಬೇಡ. ಒಂದು ಸುಳ್ಳು ಕಾಗದ ಸಿಕ್ಕಿಬಿದ್ದರೆ ಉಳಿದ ಐವತ್ತು ನಿಜವಾದ ಕಾಗದವೂ ಅನುಮಾನಕ್ಕೆ ಬೀಳುತ್ತೆ. ನಾಟಕದ ಮದುವೆ ಅಂತ ಒಮ್ಮೆ ತೀರ್ಮಾನವಾದರೆ, ಮುಂದೆ ಇನ್ನೊಬ್ಬರು ಆ ವ್ಯಕ್ತಿಗಾಗಿ ಹಾಕೋ ವಲಸೆ ಅರ್ಜಿಯನ್ನೂ ಮಂಜೂರು ಮಾಡಲ್ಲ. ಗೊತ್ತಿದ್ದೂ ಅಂಥ ಮದುವೆ ಮಾಡಿಕೊಂಡವರಿಗೆ ಐದು ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಅಂತ ಅಲ್ಲಿನ ಕಾನೂನಿನಲ್ಲಿದೆ.

ಅಫಿಡವಿಟ್ ವಿಷಯಕ್ಕೂ ಇದೇ ಮಾತು. ಕಾರ್ಡ್ ಸಿಕ್ಕಾಗಿನಿಂದ ಇಬ್ಬರನ್ನೂ ಬಲ್ಲ, ಸಂಸಾರವನ್ನ ಸ್ವತಃ ಕಂಡ ಇಬ್ಬರಾದರೂ ಪ್ರಮಾಣ ಮಾಡಿ ಬರೆದುಕೊಡಬೇಕು ಅಂತ ಫಾರಂನ ಸೂಚನೆ ಹೇಳುತ್ತೆ. ಅಂದರೆ ಅಲ್ಲಿನ ಪಕ್ಕದ ಮನೆಯವರು, ಸ್ನೇಹಿತರು, ಕನ್ನಡ ಕೂಟದಲ್ಲಿ ಜೊತೆಗೆ ಊಟಕ್ಕೆ ಕೂತವರು ಇದಕ್ಕೆ ಸರಿ. ಬರೆಯೋರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ತಾರೀಕು ಮತ್ತು ಊರು, ದಂಪತಿಗೆ ಏನಾಗಬೇಕು, ವಿಷಯ ಹೇಗೆ ಗೊತ್ತು ಅನ್ನೋದೆಲ್ಲ ಅದರಲ್ಲಿರಬೇಕು. ಊರಿನ ಸೋದರಮಾವ ಬರೆಯೋದಾದರೆ ತಾನು ಕಂಡಷ್ಟೇ ಬರೀಬೇಕು: ಮದುವೆ ಮಾತುಕತೆಯಲ್ಲಿ ಕೂತಿದ್ದೆ, ಧಾರೆಗೆ ಇದ್ದೆ, ಗಂಡ ಹೆಂಡತಿ ಇಬ್ಬರೂ ಸೇರಿ ವಿಡಿಯೋ ಕಾಲ್ ಮಾಡ್ತಿದ್ದರು. ನೋಡದೇ ಇರೋ ಅಮೆರಿಕದ ಮನೆಯ ವರ್ಣನೆ ಬೇಡ. ನೋಟರಿ ಹತ್ರ ಒಂದೇ ಮಾದರಿಯಲ್ಲಿ ಹತ್ತು ಜನರ ಅಫಿಡವಿಟ್ ಮಾಡಿಸಿದರೆ ಓದಿದ ಕೂಡಲೇ ಗೊತ್ತಾಗುತ್ತೆ.

ಕನ್ನಡದ ಯಾವ ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು "ಇದು ಪೂರ್ಣ ಮತ್ತು ಸರಿಯಾಗಿದೆ, ಎರಡೂ ಭಾಷೆ ನನಗೆ ಗೊತ್ತು" ಅಂತ ಸಹಿ ಮಾಡಿದರೆ ನಿಯಮಕ್ಕೆ ಸಾಕು. ವಾಟ್ಸಾಪ್ ಮೆಸೇಜಿಗೂ ಇದೇ ನಿಯಮ, ಹಾಗಾಗಿ ಸಾವಿರ ಪುಟ ಪ್ರಿಂಟ್ ತೆಗೆಸದೆ, ಬೇಕಾದ್ದನ್ನ ತಾರೀಕು ಕಾಣೋ ಹಾಗೆ ಆರಿಸಿ. ಮದುವೆ ನೋಂದಣಿ ಪತ್ರ ಕಳೆದಿದ್ದರೆ ನೋಂದಣಿಯಾದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ದೃಢೀಕೃತ ನಕಲು ಕೇಳಬಹುದು. ಹೆಸರಿನ ಇನಿಷಿಯಲ್ ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರೋದು ನಮ್ಮಲ್ಲಿ ಸಾಮಾನ್ಯ, ಅದಕ್ಕೂ ಒಂದು ಸಾಲು ವಿವರಣೆ ಕೊಡಬೇಕು.

ಇಲ್ಲಿ ಹಾಕೋ ಕೇಸಿನ ಮಾತು ಅಲ್ಲಿ ಓದ್ತಾರೆ

ಬಹಳ ಮನೆಗಳು ಎಡವೋದು ಇಲ್ಲಿ. ಹುಡುಗಿ ಅಲ್ಲಿ "ಒಟ್ಟಿಗೆ ಬಾಳಬೇಕು ಅಂತಲೇ ಮದುವೆಯಾಗಿದ್ದು, ಹದಿನಾಲ್ಕು ತಿಂಗಳು ಬಾಳಿದ್ವಿ" ಅಂತ ಬರೆದಿರ್ತಾಳೆ. ಇಲ್ಲಿ ಅಪ್ಪ ಹಾಕಿಸಿದ ಅರ್ಜಿಯಲ್ಲಿ "ಇದು ಮದುವೆಯೇ ಅಲ್ಲ, ಒಂದು ದಿನವೂ ಸಂಸಾರ ಮಾಡಿಲ್ಲ" ಅಂತಿರುತ್ತೆ. ಸಿಟ್ಟಿನ ಭಾಷೆ ಅದು, ಕೇಸಿಗೆ ಬಲ ಬರಲಿ ಅಂತ ಬರೆಸಿದ್ದು. ಗಂಡ ಅದರ ನಕಲನ್ನೇ ಇಲಾಖೆಗೆ ಕಳಿಸಿದರೆ ಹುಡುಗಿ ಅರ್ಜಿಯ ಬುಡವೇ ಅಲ್ಲಾಡುತ್ತೆ. ನಡೆದದ್ದನ್ನ ನಡೆದ ಹಾಗೆ ಬರೆಸಿ, ಇಲ್ಲಿನ ವಕೀಲರಿಗೂ ಅಲ್ಲಿನ ವಲಸೆ ವಕೀಲರಿಗೂ ಒಬ್ಬರದ್ದನ್ನ ಇನ್ನೊಬ್ಬರಿಗೆ ತೋರಿಸಬೇಕು. ಕೊಟ್ಟ ವರದಕ್ಷಿಣೆಯ ಪಟ್ಟಿಯನ್ನ ಮದುವೆ ಅಸಲಿ ಅನ್ನೋಕೆ ಸಾಕ್ಷಿಯಾಗಿ ಸೇರಿಸೋಕೆ ಮುಂಚೆಯೂ ವಕೀಲರನ್ನ ಕೇಳಿ. 1961ರ ಕಾಯ್ದೆ ಪ್ರಕಾರ ಕೊಡೋದೂ ಅಪರಾಧವೇ.

ಹೊಡೆತ ಇದ್ದ ಮನೆಯಾದರೆ

ಗಂಡ ಹೊಡೀತಿದ್ದ, ಕೂಡಿ ಹಾಕ್ತಿದ್ದ, "ಕಾರ್ಡ್ ಕ್ಯಾನ್ಸಲ್ ಮಾಡಿಸ್ತೀನಿ" ಅಂತ ಹೆದರಿಸ್ತಿದ್ದ ಅಂದರೆ ಕ್ರೌರ್ಯದ ಕಾರಣದ ಮೇಲೆ ವಿನಾಯಿತಿ ಕೇಳಬಹುದು. ಇದಕ್ಕೆ ವಿಚ್ಛೇದನ ಆಗಿರಬೇಕು ಅಂತಿಲ್ಲ. ಮದುವೆ ನಿಜವಾದದ್ದು ಅಂತ ಮಾತ್ರ ಇಲ್ಲೂ ತೋರಿಸಬೇಕು. ಕಾರ್ಡ್ ರದ್ದು ಮಾಡೋ ಅಧಿಕಾರ ಗಂಡನಿಗಿಲ್ಲ, ಅದು ಸರ್ಕಾರದ್ದು. ಈ ಕಾರಣದ ಮೇಲೆ ಅರ್ಜಿ ಹಾಕಿರೋ ವಿಷಯವನ್ನ ಇಲಾಖೆ ಅವನಿಗೆ ತಿಳಿಸುವಂತಿಲ್ಲ. ಪೊಲೀಸ್ ವರದಿ, ಆಸ್ಪತ್ರೆ ದಾಖಲೆ, ಗಾಯದ ಫೋಟೋ, ತವರಿಗೆ ಕಳಿಸಿದ ವಾಯ್ಸ್ ಮೆಸೇಜ್ ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಅಮೆರಿಕದ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233. ಇಲ್ಲಿ ಮಹಿಳಾ ಸಹಾಯವಾಣಿ 181. ಅನಿವಾಸಿ ಮದುವೆಗಳ ದೂರಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಪ್ರತ್ಯೇಕ ಎನ್‌ಆರ್‌ಐ ಘಟಕ ಇದೆ.

ತವರಿಗೆ ಬರೋಕೆ ಮುಂಚೆ

ಮನಸ್ಸು ನೊಂದಿದೆ, ಸ್ವಲ್ಪ ದಿನ ಇಲ್ಲೇ ಇರಲಿ ಅಂತ ಕರೆಸಿಕೊಳ್ಳೋರು ಲೆಕ್ಕ ಇಟ್ಟುಕೊಳ್ಳಬೇಕು. ಮುಂಚೆಯೇ ಮರುಪ್ರವೇಶ ಪರವಾನಗಿ ಪಡೆಯದೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ಆ ಕಾರ್ಡ್ ತೋರಿಸಿ ವಾಪಸ್ ಹೋಗೋಕೆ ಆಗಲ್ಲ. ಅದಕ್ಕಿಂತ ಕಡಿಮೆ ಇದ್ದರೂ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಬರಬಹುದು. ಹೊರಡೋಕೆ ಮುಂಚೆ ಕಾರ್ಡಿನ ಎರಡೂ ಬದಿ, ಪಾಸ್‌ಪೋರ್ಟ್, ವೀಸಾ ಪುಟ, ಮನೆ ಕರಾರು ಎಲ್ಲದರ ಫೋಟೋ ತೆಗೆದು ಗಂಡನಿಗೆ ಗೊತ್ತಿಲ್ಲದ ಇಮೇಲ್‌ಗೆ ಕಳಿಸಿಟ್ಟುಕೊಳ್ಳಬೇಕು. "ಕಾರ್ಡ್ ನನ್ನ ಹತ್ರ ಇರಲಿ, ನೀನು ಹೋಗಿ ಬಾ" ಅನ್ನೋ ಮಾತಿಗೆ ಒಪ್ಪಬಾರದು.

ಸಂದರ್ಶನ, ತೀರ್ಮಾನ, ಮುಂದಿನ ದಾರಿ

ವಿಚ್ಛೇದಿತರ ಅರ್ಜಿಯಲ್ಲಿ ಸಂದರ್ಶನಕ್ಕೆ ಕರೆಯೋ ಸಾಧ್ಯತೆ ಇದೆ. ಅಡುಗೆಮನೆ ಯಾವ ಕಡೆ, ಬಾಡಿಗೆ ಎಷ್ಟು, ಅವರ ಅಣ್ಣನ ಹೆಸರೇನು ಅನ್ನೋ ಥರದ ಪ್ರಶ್ನೆ ಬರಬಹುದು. ಬಾಳಿದವರಿಗೆ ಇದು ಕಷ್ಟವಲ್ಲ. ನೆನಪಿಲ್ಲದ್ದನ್ನ ನೆನಪಿಲ್ಲ ಅಂದರೆ ಸಾಕು. ಇಂಗ್ಲಿಷ್ ತಡವರಿಸುತ್ತೆ ಅನ್ನೋರು ದುಭಾಷಿ ಬಗ್ಗೆ ವಕೀಲರ ಹತ್ರ ಮೊದಲೇ ಮಾತಾಡಬೇಕು.

ಅರ್ಜಿ ತಿರಸ್ಕಾರವಾದರೆ ಇಲಾಖೆಗೇ ಮೇಲ್ಮನವಿ ಹಾಕೋ ದಾರಿ ಇಲ್ಲ. ಆದರೆ ಗಡೀಪಾರು ವಿಚಾರಣೆ ಶುರುವಾದಾಗ ವಲಸೆ ನ್ಯಾಯಾಧೀಶರ ಮುಂದೆ ಅದೇ ವಿಷಯವನ್ನ ಮತ್ತೆ ಇಡಬಹುದು, ಹೊಸ ಸಾಕ್ಷಿಯನ್ನೂ ಕೊಡಬಹುದು. ಅಷ್ಟರಲ್ಲಿ ವಕೀಲರಿಲ್ಲದೆ ಹೋಗೋದು ಜಾಣತನ ಅಲ್ಲ.

ಮಂಜೂರಾದರೆ ಹತ್ತು ವರ್ಷದ ಕಾರ್ಡ್ ಬರುತ್ತೆ. ಪೌರತ್ವಕ್ಕೆ ಮಾತ್ರ ಲೆಕ್ಕ ಬದಲಾಗುತ್ತೆ: ಅಮೆರಿಕನ್ ಪ್ರಜೆಯ ಜೊತೆ ಸಂಸಾರ ಮಾಡ್ತಿರೋರಿಗೆ ಮೂರು ವರ್ಷಕ್ಕೆ ಸಿಗೋ ಅವಕಾಶ ವಿಚ್ಛೇದಿತರಿಗೆ ಸಾಮಾನ್ಯವಾಗಿ ಇಲ್ಲ, ಅವರು ಎಲ್ಲರಂತೆ ಐದು ವರ್ಷ ತುಂಬಿಸಬೇಕು. ಷರತ್ತಿನ ಕಾರ್ಡಿನ ಎರಡು ವರ್ಷವೂ ಆ ಐದರಲ್ಲಿ ಸೇರುತ್ತೆ.